ಜಮೀನಿಗೆ ಬೆಲೆ ಕಟ್ಟಿದವರು ಕೆಲಸಕ್ಕೂ ಕಟ್ಟಲಿ

ಏರ್‌ಬಸ್ ಕಂಪನಿಯ ಎಚ್125 ಹೆಲಿಕಾಪ್ಟರ್‌ಗಳನ್ನು ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್ ಕೋಲಾರದ ವೇಮಗಲ್‌ನಲ್ಲಿ ಜೋಡಿಸಲಿದೆ ಎಂದು 2025ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ದೇಶದ ಖಾಸಗಿ ವಲಯಕ್ಕೆ ಇದು ಮೊದಲ ಹೆಲಿಕಾಪ್ಟರ್ ಜೋಡಣಾ ಘಟಕ. ಅದೇ ಕಂಪನಿ ವೇಮಗಲ್‌ನಲ್ಲೇ ಜೋಡಿಸಿದ ಟಿಸ್ಯಾಟ್-1ಎ ಉಪಗ್ರಹ 2024ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಹಾರಿ ಕಕ್ಷೆ ಸೇರಿತ್ತು. ರಾಗಿ, ಹಿಪ್ಪುನೇರಳೆ, ಟೊಮೆಟೊಗೆ ಹೆಸರಾದ ಸೀಮೆಗೆ ಇದು ಹೆಮ್ಮೆಯ ಸಂಗತಿ.

ಆರ್ಥಿಕತೆಯಲ್ಲಿ ಸರ್ಕಾರ ಎಷ್ಟು ಕೈಹಾಕಬೇಕು ಎಂಬ ಚರ್ಚೆ ಪೇಟೆಗಳಲ್ಲಿ ಇನ್ನೂ ನಡೆದೇ ಇದೆ. ಕೋಲಾರದ ಕೈಗಾರಿಕಾ ಪ್ರದೇಶಗಳಾದ ವೇಮಗಲ್, ನರಸಾಪುರಗಳ ಮಟ್ಟಿಗೆ ಆ ಚರ್ಚೆ ಎಂದೋ ಮುಗಿದಿದೆ. ಇಲ್ಲಿ ಕಾರ್ಖಾನೆ ಕಟ್ಟುವವರು ರೈತನ ಮನೆ ಬಾಗಿಲಿಗೆ ಬಂದು ಜಮೀನಿನ ಚೌಕಾಸಿ ಮಾಡುವುದಿಲ್ಲ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗಾಗಿ ರಾಜ್ಯ ಸರ್ಕಾರ 1966ರ ಕಾಯ್ದೆಯಡಿ ಮೊದಲು ಸೆಕ್ಷನ್ 28(1)ರ ಅಧಿಸೂಚನೆ ಹೊರಡಿಸುತ್ತದೆ, ಆಕ್ಷೇಪಣೆ ಕೇಳುತ್ತದೆ, ಆಮೇಲೆ 28(4)ರ ಅಂತಿಮ ಅಧಿಸೂಚನೆ ಬರುತ್ತದೆ. ಅಲ್ಲಿಗೆ ಜಮೀನು ಸರ್ಕಾರದ್ದು. ರಸ್ತೆ, ನೀರು, ವಿದ್ಯುತ್, ತೆರಿಗೆ ರಿಯಾಯಿತಿ, ಕೇಂದ್ರದ ಉತ್ಪಾದನಾ ಪ್ರೋತ್ಸಾಹಧನ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಇಷ್ಟೆಲ್ಲ ಕೊಟ್ಟ ಸರ್ಕಾರ ಪ್ರತಿಯಾಗಿ ಏನನ್ನು ಬರೆಸಿಕೊಂಡಿದೆ ಎಂದು ಕೇಳಬೇಕಾದ ಕಾಲ ಇದು.

ಈ ನಾಡಿಗೆ ಸರ್ಕಾರಿ ಉದ್ಯಮಶೀಲತೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಮೈಸೂರು ಸಂಸ್ಥಾನ ತನ್ನ ದುಡ್ಡು ಹಾಕಿ ಕಟ್ಟಿದ ಆ ಯೋಜನೆಯ ಮೊದಲ ದೊಡ್ಡ ಗಿರಾಕಿ ಆ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಅವರ ಬ್ರಿಟಿಷ್ ಕಂಪನಿಗಳು. ಮುಂದೆ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನೇ ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಬದಲಿ ಕೆಲಸದ ಸಿದ್ಧತೆ ಇರಲಿಲ್ಲವಾದ್ದರಿಂದ ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಅಂದರೆ ಸರ್ಕಾರವೇ ಮಾಲೀಕನಾದ ಮಾತ್ರಕ್ಕೆ ಕೆಲಸ ಉಳಿಯುವುದಿಲ್ಲ. ಖಾಸಗಿಯವರಿಗೆ ಬಿಟ್ಟುಕೊಟ್ಟರೆ ಎಲ್ಲ ತಾನಾಗಿ ಆಗುತ್ತದೆ ಎನ್ನುವವರಿಗೂ ಇದೇ ಜಿಲ್ಲೆಯಲ್ಲಿ ಉತ್ತರವಿದೆ.

ಆ ಉತ್ತರ ನರಸಾಪುರದಲ್ಲಿದೆ. ಐಫೋನ್ ಜೋಡಿಸುವ ವಿಸ್ಟ್ರಾನ್ ಕಂಪನಿಗೆ ಅಲ್ಲಿ 43 ಎಕರೆ ಸಿಕ್ಕಿತ್ತು, ಹತ್ತು ಸಾವಿರ ಉದ್ಯೋಗದ ಮಾತು ಆಗಿತ್ತು. ಮಾತಿನಂತೆ ಕೆಲಸಗಾರರು ಬಂದರು, ಆದರೆ ಬಹುಪಾಲು ಏಜೆನ್ಸಿಗಳ ಮೂಲಕ, ಗುತ್ತಿಗೆಯ ಮೇಲೆ. 2020ರ ಡಿಸೆಂಬರ್ 12ರ ಬೆಳಗ್ಗೆ ಶಿಫ್ಟ್ ಮುಗಿಸಿದ ಕಾರ್ಮಿಕರು ಸಂಬಳದ ವಿಷಯಕ್ಕೆ ರೊಚ್ಚಿಗೆದ್ದು ಕಾರ್ಖಾನೆಯ ಗಾಜು ಒಡೆದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಆ ಹಿಂಸೆಗೆ ಸಮರ್ಥನೆ ಇಲ್ಲ. ಕಾರ್ಖಾನೆಗಳ ಇಲಾಖೆ ತಪಾಸಣೆಗೆ ಹೋದದ್ದು ಅದಾದ ಮೇಲೆ. ಕಾರ್ಮಿಕ ಕಾನೂನಿನ ಹಲವು ಉಲ್ಲಂಘನೆಗಳು ಆಗ ಹೊರಬಿದ್ದವು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಜಮೀನು ಅಳೆಯಲು, ಲೈನು ಎಳೆಯಲು, ಪರವಾನಗಿ ಕೊಡಲು ಹೊತ್ತಿಗೆ ಸರಿಯಾಗಿ ಹಾಜರಿದ್ದ ಸರ್ಕಾರ ಸಂಬಳದ ದಿನ ಅಲ್ಲಿರಲಿಲ್ಲ. 2023ರಲ್ಲಿ ಆ ಘಟಕವನ್ನು ಟಾಟಾ ಸಮೂಹ ಕೊಳ್ಳುವ ಒಪ್ಪಂದವಾಗಿ ಬೋರ್ಡು ಬದಲಾಯಿತು. ತಪಾಸಣೆಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಸರ್ಕಾರಕ್ಕೆ ಈ ತಪಾಸಣೆ ಕೈಲಾಗದ ಕೆಲಸವೇ? ಕೋಲಾರದ ರೇಷ್ಮೆ ಬೆಳೆಗಾರರನ್ನು ಕೇಳಿದರೆ ಹಾಗನ್ನಲಾರರು. ರೇಷ್ಮೆ ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ರಾತ್ರಿ ಹಗಲೆನ್ನದೆ ಸೊಪ್ಪು ತಿಂದು, ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಹತ್ತುವವರೆಗೆ ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ. ಗೂಡು ಬಿಡಿಸಿದ ಮೇಲೆ ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದರೆ ನೂಲು ಕೆಟ್ಟಿತು. ಅವಸರದಲ್ಲಿರುವ ಇಂಥ ಮಾರಾಟಗಾರನನ್ನು ದಲ್ಲಾಳಿ ಸುಲಭವಾಗಿ ಹಿಂಡಬಹುದಿತ್ತು. ಅದಕ್ಕೇ 1959ರ ಕಾಯ್ದೆ ಬಂತು. ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಗೆ ಬಂತು. ಲಾಟು ಎಲ್ಲರ ಕಣ್ಣೆದುರು ಹರಾಜಾಗುತ್ತದೆ, ತೂಕ ಸರ್ಕಾರದ ತಕ್ಕಡಿಯಲ್ಲಿ ಆಗುತ್ತದೆ, ಹಣ ರೈತರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಗೂಡಿನ ದರ ಏರುತ್ತದೆ, ಇಳಿಯುತ್ತದೆ, ಬೆಳೆಗಾರನ ಗೋಳು ತೀರಿಲ್ಲ ನಿಜ. ಆದರೆ ಈ ರಕ್ಷಣೆ ಕೊಡಲು ಸರ್ಕಾರ ತಾನೇ ಹುಳು ಸಾಕಬೇಕಾಗಲಿಲ್ಲ, ನೂಲು ಬಿಚ್ಚಬೇಕಾಗಲಿಲ್ಲ. ಬೆಳೆಗಾರನೂ ನೂಲು ಬಿಚ್ಚುವವನೂ ಸೇರುವ ಜಾಗದಲ್ಲಿ ನಿಂತು ತೂಕ ನೋಡಿತು, ಅಷ್ಟೆ.

ದಿನಗೂಲಿಯ ಗುತ್ತಿಗೆ ಕಾರ್ಮಿಕನೂ ಅದೇ ಅವಸರದಲ್ಲಿರುವವನು. ಇಂದಿನ ದುಡಿಮೆ ಇಂದೇ ಮಾರದಿದ್ದರೆ ನಾಳೆಗೆ ಅದು ಇರುವುದಿಲ್ಲ. ಅವನಿಗೆ ಹೇಳಿದ ಸಂಬಳವೆಷ್ಟು, ಏಜೆನ್ಸಿ ಹಿಡಿದುಕೊಂಡದ್ದೆಷ್ಟು, ಪಿ.ಎಫ್., ಇ.ಎಸ್.ಐ. ಕಟ್ಟಿದ್ದಾರೆಯೇ ಎಂದು ನೋಡಲು ಅಂಥ ತಕ್ಕಡಿ ಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ಮಾತು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದಿದೆ. ಅದನ್ನು ನಡೆಸಿಕೊಡುವ ಜನ ಬೇಕು. ಒಂದು ಕೈಗಾರಿಕಾ ಪ್ರದೇಶಕ್ಕೆ ಒಂದು ಕಾಯಂ ಕಾರ್ಮಿಕ ಕಚೇರಿ, ಬಾಗಿಲು ತೆರೆದು ಕನ್ನಡ, ತೆಲುಗು, ಹಿಂದಿಯಲ್ಲಿ ದೂರು ಕೇಳುವಂಥದ್ದು, ಯಾವ ರಿಯಾಯಿತಿಗೆ ಹೋಲಿಸಿದರೂ ಅಗ್ಗ.

ಸ್ಥಳೀಯರಿಗೆ ಮೀಸಲು ಇಟ್ಟರೆ ಸಾಲದೇ ಎಂಬ ವಾದವಿದೆ. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಹರಿಯಾಣದ ಶೇ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲೇ ರದ್ದು ಮಾಡಿತ್ತು. ಕೋರ್ಟಿನಲ್ಲಿ ನಿಲ್ಲದ ಕಾನೂನಿಗೆ ಕಾದು ಕೂರುವುದರಿಂದ ವೇಮಗಲ್ ಹೋಬಳಿಯ ಹುಡುಗಿಗೆ ಕೆಲಸ ಸಿಗುವುದಿಲ್ಲ. ಇಡೀ ರಾಜ್ಯದ ಉದ್ಯಮಕ್ಕೆ ಮೀಸಲು ಹೇರುವುದು ಬೇರೆ, ಸರ್ಕಾರಿ ಜಮೀನು ಪಡೆಯುವ ಕಂಪನಿಯೊಂದಿಗೆ ಷರತ್ತು ಮಾತಾಡುವುದು ಬೇರೆ. ಎರಡನೆಯದು ಒಪ್ಪಂದ. ಜಮೀನು ಕಳೆದುಕೊಂಡ ಮನೆಗೊಂದು ಕೆಲಸ ಎಂದರೆ ಯಾವ ಹುದ್ದೆ, ಎಷ್ಟು ವರ್ಷ, ಯಾರ ಸಂಬಳಪಟ್ಟಿಯಲ್ಲಿ ಎಂದು ಅದರಲ್ಲಿ ಬರೆಯಬಹುದು. ಗೇಟಿನ ಸೆಕ್ಯುರಿಟಿ ಕೆಲಸವನ್ನೇ ತೋರಿಸಿ ಮಾತು ಉಳಿಸಿಕೊಂಡೆವು ಎನ್ನಲು ಆಗ ಅವಕಾಶವಿರದು. ಪಹಣಿಯಲ್ಲಿ ಹೆಸರಿಲ್ಲದೆ ಅದೇ ಹೊಲದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಕೂಲಿಯವರಿಗೂ ಆ ಒಪ್ಪಂದದಲ್ಲಿ ಜಾಗ ಸಿಗಬೇಕು. ಪರಿಹಾರದ ಚೆಕ್ಕು ಅವರ ಹೆಸರಿಗೆ ಬರುವುದೇ ಇಲ್ಲ.

ಸರ್ಕಾರ ಮನಸ್ಸು ಮಾಡಿದರೆ ಬಗ್ಗಬಲ್ಲುದು, ಕಟ್ಟಬಲ್ಲುದು ಕೂಡ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನವನ್ನು ರೈತರ ಮೂರು ವರ್ಷಕ್ಕೂ ಮೀರಿದ ಹೋರಾಟದ ನಂತರ 2025ರ ಜುಲೈನಲ್ಲಿ ಕೈಬಿಟ್ಟಿತು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಿತು. ನೀರಿನ ಗುಣಮಟ್ಟದ ಬಗ್ಗೆ ಆತಂಕ ಇಂದಿಗೂ ಇದೆ, ಆದರೆ ಆ ಏತ ಯೋಜನೆಯನ್ನು ಯಾವ ಖಾಸಗಿ ಕಂಪನಿಯೂ ಮುಂದೆ ಬಂದು ಮಾಡುತ್ತಿರಲಿಲ್ಲ.

ಹೆಲಿಕಾಪ್ಟರ್ ಘಟಕಕ್ಕೆ ಮರಳುವುದಾದರೆ, ಭಾರತದಲ್ಲಿ ಎಚ್125 ಜೋಡಿಸುವ ಯೋಜನೆ ಪ್ರಕಟವಾದದ್ದು 2024ರ ಜನವರಿಯಲ್ಲಿ, ಮೊದಲ ಹೆಲಿಕಾಪ್ಟರ್ ಹಸ್ತಾಂತರದ ಗುರಿ 2027ರ ಆರಂಭ. ಐ.ಟಿ.ಐ. ಫಿಟ್ಟರ್ ಕೋರ್ಸು ಎರಡು ವರ್ಷದ್ದು. ಸರ್ಕಾರಕ್ಕೆ ಲೆಕ್ಕ ಹಾಕಲು ಸಮಯವಿತ್ತು, ಇನ್ನೂ ಇದೆ: ಮುಂದಿನ ಹಂತಕ್ಕೆ ಎಂಥ ಕೆಲಸಗಾರರು ಎಷ್ಟು ಜನ ಬೇಕೆಂದು ಕಂಪನಿಯಿಂದ ಬರೆಸಿಕೊಳ್ಳುವುದು, ಆ ಸೀಟುಗಳನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಐ.ಟಿ.ಐ.ಗಳಲ್ಲಿ ಈ ಬಾರಿಯ ಪ್ರವೇಶಕ್ಕೇ ತೆರೆಯುವುದು, ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ವರ್ಷದ ಮೇಲೂ ಉಳಿದವರೆಷ್ಟು ಎಂಬುದನ್ನು ವೇಮಗಲ್-ಕುರುಗಲ್ ಪಟ್ಟಣ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಾಕುವುದು.