ಕೇಳಿ ತೆಗೆದ ಚಿತ್ರ

ಕಳೆದ ಮಾಗಿಯಲ್ಲಿ ಆದಿತ್ಯನಗರದ ತರುಣನೊಬ್ಬ ನಮ್ಮಲ್ಲಿಗೆ ಬಂದಿದ್ದ. ತಂದೆ ಅಲ್ಲಿಯ ಸಿಮೆಂಟ್ ಕಾರ್ಖಾನೆಯ ನೌಕರರು. ಮಗ ಕಲಬುರಗಿಯಲ್ಲಿ ಪದವಿ ತರಗತಿಯ ವಿದ್ಯಾರ್ಥಿ. ಮಗ್ಗುಲಲ್ಲಿಯೇ ಇರುವ ಮಳಖೇಡದ ಕೋಟೆಯ ಛಾಯಾಚಿತ್ರಗಳನ್ನು ತೆಗೆದು ತಂದಿದ್ದ. ಅವುಗಳಿಗೆ ನಾಲ್ಕಾರು ಸಾಲು ವಿವರಣೆ ಬರೆದುಕೊಡಬೇಕೆಂಬುದು ಅವನ ಬಿನ್ನಹ. ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗದಂತಹ ಗ್ರಂಥ ಮೂಡಿದ ಆಸ್ಥಾನ. ಬರೆಯಲು ನಮಗೂ ಉತ್ಸಾಹವೇ. ಆದರೆ ನೂರಕ್ಕೂ ಮಿಕ್ಕ ಚಿತ್ರಗಳನ್ನು ನೋಡಿ ಮುಗಿಸಿದಾಗ ಏನೋ ಕೊರತೆ ಕಾಡಿತು. ಒಂದರಲ್ಲಿಯೂ ಮನುಷ್ಯನಿರಲಿಲ್ಲ! ಕೋಟೆಯ ಬದಿಯಲ್ಲಿ ಊರಿದೆ, ಕಾಗಿಣಾ ನದಿಯ ದಂಡೆಯಲ್ಲಿ ಜನರಿದ್ದಾರೆ. ಅವರೆಲ್ಲ ಎಲ್ಲಿ ಹೋದರು?

“ಕಲ್ಲು ಬ್ಯಾಡ ಅನ್ನಂಗಿಲ್ಲರಿ ಗುರುಗಳ,” ಎಂದ ತರುಣ. “ಮಂದಿ ಮುಂದ ಕ್ಯಾಮೆರಾ ಎತ್ತಿದ್ರ ಕೈ ನಡಗ್ತಾವರಿ. ಯಾರರೆ ಬೈದ್ರ ಏನ್ ಮಾಡೋದರಿ?”

ಸಹೃದಯ ವಾಚಕರೇ, ಈ ಮಾತು ಕೇಳಿ ನಮಗೆ ನಗು ಬರಲಿಲ್ಲ. ಬೇರೊಂದು ನೆನಪು ಬಂದಿತು.

1983ರ ಬೇಸಿಗೆ. ನಾವಿನ್ನೂ ಮಠದ ಪಾಠಶಾಲೆಯಲ್ಲಿದ್ದೆವು. ಗೆಳೆಯರೊಬ್ಬರ ಕ್ಯಾಮೆರಾ ನಾಲ್ಕು ದಿನದ ಮಟ್ಟಿಗೆ ನಮ್ಮ ಕೈಗೆ ಬಂದಿತ್ತು. ಒಳಗೆ ಮೂವತ್ತಾರು ಚಿತ್ರಗಳ ಒಂದೇ ಒಂದು ರೀಲು. ಶಹಾಬಾದಿನ ಕಲ್ಲುಗಣಿಗಳಿಗೆ ಹೋದೆವು. ನೆಲದೊಳಗಿಂದ ಪದರು ಪದರಾಗಿ ಏಳುವ ಆ ಸುಣ್ಣಗಲ್ಲಿನ ಪರಸಿಯನ್ನು ಉಳಿ ಸುತ್ತಿಗೆಗಳಿಂದ ಎಬ್ಬಿಸುವ ಗಂಡಸರು, ಚೂರುಗಳನ್ನು ಬುಟ್ಟಿಯಲ್ಲಿ ಹೊತ್ತು ಮೇಲೇರುವ ಹೆಂಗಸರು. ನಮ್ಮ ಮಠದ ಪಡಸಾಲೆಗೆ ಹಾಸಿದ್ದು ಅದೇ ಕಲ್ಲು. ಪ್ರತಿದಿನ ಅದರ ಮೇಲೆ ಕುಳಿತು ಅಮರಕೋಶ ಬಾಯಿಪಾಠ ಮಾಡಿದ್ದ ನಮಗೆ, ಆ ಕಲ್ಲನ್ನು ಎತ್ತಿದವರ ಮುಖ ಕಂಡದ್ದು ಅಂದೇ ಮೊದಲು.

ಬುಟ್ಟಿ ಹೊತ್ತ ತಾಯಿಯೊಬ್ಬಳ ಚಿತ್ರ ತೆಗೆಯಬೇಕೆನಿಸಿತು. ಕೇಳಲು ನಾಲಗೆ ಏಳಲಿಲ್ಲ. ಜೋಡಿಸಿಟ್ಟ ಕಲ್ಲುಗಳ ಮರೆಯಲ್ಲಿ ನಿಂತು, ಕಳ್ಳನಂತೆ ಗುಂಡಿ ಒತ್ತಿದೆವು. ಅದೇ ಗಳಿಗೆಗೆ ಆಕೆ ನಮ್ಮನ್ನು ಕಂಡಳು. ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ಮೊಗದ ಮೇಲೆಳೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಕಾಲ ನೆನಪಿರುತ್ತಿರಲಿಲ್ಲವೇನೋ. ಸ್ಟುಡಿಯೋದಲ್ಲಿ ತೊಳೆಸಿ ತಂದಾಗ ಉಳಿದೆಲ್ಲ ಚಿತ್ರಗಳಿಗಿಂತ ಅದೇ ಸ್ಪಷ್ಟವಾಗಿ ಬಂದಿತ್ತು. ಮೊಗವಿಲ್ಲ, ಸೆರಗಿನ ಅಂಚನ್ನು ಬಿಗಿಹಿಡಿದ ಐದು ಬೆರಳುಗಳು ಮಾತ್ರ. ಆ ಮೇಲೆ ನಾವು ಕ್ಯಾಮೆರಾ ಮುಟ್ಟಲಿಲ್ಲ. ಚಿತ್ರವನ್ನು ಇಂದಿಗೂ ಪುಸ್ತಕವೊಂದರ ನಡುವೆ ಇಟ್ಟಿದ್ದೇವೆ. ಕೊಡೋಣವೆಂದರೆ ಆಕೆಯ ಹೆಸರನ್ನು ಸಹ ಕೇಳಿದವರಲ್ಲ.

ತರುಣನಿಗೆ ಅದನ್ನು ತೋರಿಸಿದೆವು. ಬಹಳ ಹೊತ್ತು ನೋಡಿದ.

ಮರೆಯಲ್ಲಿ ನಿಲ್ಲುವುದೂ ಒಂದು ಕಲೆಯೇ ಎಂದು ವಾದಿಸುವವರಿದ್ದಾರೆ. ಫ್ರಾನ್ಸಿನ ಕಾರ್ಟಿಯೇ ಬ್ರೆಸೋನ್ ಎಂಬ ಜಗದ್ವಿಖ್ಯಾತ ಛಾಯಾಗ್ರಾಹಕರು ಕ್ಯಾಮೆರಾದ ಹೊಳಪು ಯಾರ ಕಣ್ಣಿಗೂ ಬೀಳದಿರಲೆಂದು ಅದಕ್ಕೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು. 1948ರಲ್ಲಿ ಗಾಂಧೀಜಿಯವರ ಅಂತಿಮ ಯಾತ್ರೆಯ ಚಿತ್ರಗಳನ್ನು ತೆಗೆದವರೂ ಅವರೇ. ಅಂಥ ಜನಸಾಗರದಲ್ಲಿ ಒಬ್ಬೊಬ್ಬರ ಅಪ್ಪಣೆ ಕೇಳುತ್ತ ಹೋಗಲಾದೀತೆ? ಆಗದು. ಆದರೆ ಜಾತ್ರೆಯಲ್ಲಿ ತೇರಿನ ಸುತ್ತ ನೆರೆದ ಸಮೂಹವನ್ನು ತೆಗೆಯುವುದು ಬೇರೆ, ದುಡಿಯುತ್ತಿರುವ ಒಬ್ಬಂಟಿ ಹೆಂಗಸಿನ ಮೊಗಕ್ಕೆ ಗುರಿಯಿಡುವುದು ಬೇರೆ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ ಅವರು ಬಾಳಿನುದ್ದಕ್ಕೂ ಸಾಮಾನ್ಯ ಜನರನ್ನೇ ಚಿತ್ರಿಸಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅರಸರ ಊರಿನಲ್ಲಿ ಹುಟ್ಟಿದವರು ಬಡವರ ಮಕ್ಕಳ ಮೊಗಗಳನ್ನು ಅಷ್ಟು ದೂರ ಕೊಂಡೊಯ್ದರು.

ಕಾನೂನಿನ ಮಾತನ್ನೂ ತರುಣ ಎತ್ತಿದ. ಬೀದಿಯಲ್ಲಿ ಚಿತ್ರ ತೆಗೆಯುವುದನ್ನು ಒಟ್ಟಾರೆ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ, ನಿಜ. ಆದರೆ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ಆ ಹಕ್ಕು ಪಟ್ಟಣದ ವಿದ್ಯಾವಂತರಿಗೆ ಎಷ್ಟಿದೆಯೋ ಗಣಿಯ ಹೆಣ್ಣುಮಗಳಿಗೂ ಅಷ್ಟೇ ಇದೆ. ಸೆರಗೆಳೆದುಕೊಂಡ ಆ ಕೈಗೆ ತೀರ್ಪಿನ ಅಗತ್ಯವಿರಲಿಲ್ಲ ಎಂಬುದು ಬೇರೆ ಮಾತು.

ಮುಂದಿನ ಸಂತೆಯ ದಿನ ತರುಣನೊಡನೆ ನಾವೂ ಸೇಡಂಗೆ ಹೋದೆವು. ಮೊದಲು ಕ್ಯಾಮೆರಾ ಹೆಗಲಿಗೇ ಇರಲಿ, ನೀನು ಎಲ್ಲರಿಗೂ ಕಾಣುವಂತೆ ನಿಲ್ಲು ಎಂದೆವು. ಅರ್ಧ ತಾಸು ಸುಮ್ಮನೆ ತಿರುಗಾಡಿದ. ಬಳೆ ಮಾರುವ ತಾಯಿಯೊಬ್ಬರನ್ನು ಕೇಳಿದಾಗ ಆಕೆ “ಬ್ಯಾಡಪ್ಪಾ” ಎಂದು ತಲೆಯಾಡಿಸಿದಳು. “ಆಗಲಿರವ್ವಾ” ಎಂದು ಕೈ ಮುಗಿದು ಬಂದ. ಬಂದವನ ಮುಖದಲ್ಲಿ ಸೋಲಿನ ಬದಲು ನಿರಾಳವಿತ್ತು. ಬೇಡವೆನಿಸಿಕೊಂಡರೆ ನೆಲ ಬಾಯಿಬಿಡುವುದಿಲ್ಲವೆಂದು ತಿಳಿದಿತ್ತು.

ಹಗ್ಗ, ಕಣ್ಣಿ, ಮೂಗುದಾರ ಮಾರುತ್ತಿದ್ದ ಮುದುಕರೊಬ್ಬರು ಇದನ್ನೆಲ್ಲ ನೋಡುತ್ತಲೇ ಇದ್ದರು.

“ನಂದು ತೆಗಿ ತಮ್ಮಾ. ಆದ್ರ ನಂಗೊಂದು ಕೊಡಬೇಕು ನೋಡು.”

ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು, ಅಂಗಿಯ ಗುಂಡಿ ಹಾಕಿಕೊಂಡರು. ಹಿಂದೆ ತೆಗೆಸಿದ ಫೋಟೊ ಯಾವುದೂ ಇಲ್ಲವೇ ಎಂದು ನಾವು ಕೇಳಿದೆವು.

“ಎಲೆಕ್ಷನ್ ಕಾರ್ಡಿನ್ಯಾಗ ಒಂದು ಅದರಿ ಅಯ್ಯನೋರ. ಅದು ನಾ ಅಂತ ನಂಗ ಗುರ್ತ ಹತ್ತಂಗಿಲ್ಲ. ನಾ ಹ್ವಾದ ಮ್ಯಾಲ ಮನ್ಯಾಗ ಗ್ವಾಡಿಗಿ ಹಾಕಾಕ ಒಂದರೆ ಬೇಕಲ್ರಿ?”

1993ರಿಂದೀಚೆಗೆ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡುತ್ತ ಬಂದಿದೆ. ಹಳ್ಳಿಗಾಡಿನ ಎಷ್ಟೋ ಹಿರಿಯರಿಗೆ ಜನ್ಮದಲ್ಲಿ ದೊರೆತ ಚಿತ್ರ ಅದೊಂದೇ. ಅದನ್ನೇ ಹಿಗ್ಗಿಸಿ ಕಟ್ಟು ಹಾಕಿಸಿ, ವಿಭೂತಿ ಹಚ್ಚಿ ಹಾರ ಹಾಕಿದ ಮಸುಕು ಮೊಗಗಳನ್ನು ಶಿವಗಣಾರಾಧನೆಗಳಲ್ಲಿ ನಾವು ಅದೆಷ್ಟು ಕಂಡಿದ್ದೇವೆ! ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರ ತೆಗೆದುಕೊಳ್ಳುವ ಮೊಮ್ಮಕ್ಕಳಿರುವ ಮನೆಗಳಲ್ಲಿಯೂ ಈ ಮಾತು ಸುಳ್ಳಲ್ಲ. ಅಪರಿಚಿತರು ನಮ್ಮನ್ನು ಬೈಯುವರೆಂದು ಅಂಜುವ ನಾವು, ಅವರು ನಮ್ಮಿಂದ ಏನನ್ನೋ ಬಯಸಿಯಾರೆಂದು ಯೋಚಿಸುವುದೇ ಇಲ್ಲ.

ಎರಡು ವಾರ ಕಳೆದು ಅದೇ ಸಂತೆಗೆ ತರುಣ ಚಿತ್ರವನ್ನು ಕಟ್ಟು ಹಾಕಿಸಿ ಒಯ್ದ. ಮುದುಕರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಪಕ್ಕದ ಅಂಗಡಿಯವರಿಗೆಲ್ಲ ತೋರಿಸಿದರು. ಕೊನೆಗೆ ಹಗ್ಗದ ಸುರುಳಿಗಳ ನಡುವೆ ಬೀಳದಂತೆ ಇಟ್ಟು, ಹಣವೆಷ್ಟೆಂದು ಕೇಳಿದರು. ಬೇಡವೆಂದಾಗ ಒಂದು ಗಳಿಗೆ ಸುಮ್ಮನಿದ್ದು, “ಮನ್ಯಾಗ ಮುದುಕಿ ಅದಾಳ ತಮ್ಮಾ. ಆಕಿಂದೂ ಒಂದು ತೆಗೀಬೇಕಾಗ್ಯದ. ಯಾವಾಗ ಬರ್ತಿ?” ಎಂದರು.

ತರುಣ ಅವರ ಊರಿನ ಹೆಸರನ್ನು ಬರೆದುಕೊಂಡ.