ಅಭಿಪ್ರಾಯದ ಬೆಲೆ

ಸಸಿ ಕೊಳ್ಳಲು, ಕೆರೆಯ ಹೂಳೆತ್ತಲು ಹಣ ಕೂಡಿಸಬಯಸುವ ವಿದ್ಯಾರ್ಥಿಗಳಿಗೆ ಮೊಬೈಲಿನ ಸಮೀಕ್ಷೆಗಳು ಸುಲಭದ ದಾರಿಯಾಗಿ ಕಾಣುತ್ತವೆ. ಉತ್ತರಿಸಿದರೆ ಅಂಕ, ಅಂಕ ಇಂತಿಷ್ಟಾದ ಮೇಲೆ ಹಣ. ಉದ್ದೇಶ ಒಳ್ಳೆಯದೇ. ಆದರೆ ಕಂಪನಿಗೆ ಬೇಕಾದುದು ಬಹುಮಟ್ಟಿಗೆ ಪೇಟೆಯ ಗ್ರಾಹಕನ ಮನಸ್ಸು. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ರೈತರ ಮಕ್ಕಳು ಹತ್ತು ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ ‘ನೀವು ಅರ್ಹರಲ್ಲ’ ಎನಿಸಿಕೊಳ್ಳುವುದುಂಟು. ಕೊಟ್ಟ ಉತ್ತರ, ಮನೆಯ ವಿವರ ಮಾತ್ರ ಹಿಂದಿರುಗಿ ಬರುವುದಿಲ್ಲ. ನೋಂದಣಿ ಶುಲ್ಕವನ್ನೋ ಬ್ಯಾಂಕಿನ ಓಟಿಪಿಯನ್ನೋ ಕೇಳುವವರಂತೂ ಮೋಸಗಾರರೇ.

1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಸಲು ಊರುಗಳ ಸಾಮೂಹಿಕ ಭೂಮಿಯನ್ನು ವಹಿಸಿದಾಗ ಹಳ್ಳಿಗರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಬಿಟ್ಟಿಯಾಗಿಯೂ! ದನ ಮೇಯುವ, ಸೌದೆ ದೊರೆಯುವ ನೆಲವದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿ ತಮ್ಮ ಅಭಿಪ್ರಾಯವನ್ನು ತಾವೇ ತಿಳಿಸಿದರು. ‘ಕಿತ್ತಿಕೊ-ಹಚ್ಚಿಕೊ’ ಎಂದೇ ಆ ಸತ್ಯಾಗ್ರಹ ಹೆಸರಾಯಿತು. 1991ರಲ್ಲಿ ಕಂಪನಿ ಮುಚ್ಚಿತು.

ಸಮೀಕ್ಷೆಯಿಂದಲೇ ಹಣ ತರುವವರು ತರಲಿ. ಬಂದುದರ ಲೆಕ್ಕವನ್ನು ಊರ ಮುಂದೆ ಓದಲಿ. ಹುಣಸೆ, ಹೊಂಗೆ, ಬೇವಿನ ಬೀಜಗಳಿಗೆ ಮಾತ್ರ ಹಣ ಬೇಕಿಲ್ಲ. ಬೇವಿನ ಬೀಜ ಹೆಚ್ಚು ದಿನ ಬಾಳದು. ಆರಿಸಿದ ವಾರದೊಳಗೇ ಊರಬೇಕು.