ಮುಖಪುಟ ಯಾರ ಮುಖ ನೋಡಬೇಕು?

ಮುಖ ನೋಡಿ ಮಣೆ ಹಾಕುವುದು ತರವಲ್ಲವೆಂದು ಹಿರಿಯರು ಹೇಳುತ್ತಾರೆ. ಮನುಷ್ಯರ ವಿಷಯದಲ್ಲಿ ಆ ಮಾತು ದಿಟ. ಆದರೆ ಪತ್ರಿಕೆಗಳ ವಿಷಯದಲ್ಲಿ ಅದನ್ನು ಪಾಲಿಸುವವರು ಎಷ್ಟು ಮಂದಿ? ಅಂಗಡಿಯ ಮುಂದೆ ತೂಗುಹಾಕಿದ ಹತ್ತಾರು ಪತ್ರಿಕೆಗಳಲ್ಲಿ ನಮ್ಮ ಕೈ ಯಾವುದರ ಕಡೆಗೆ ಚಾಚಬೇಕೆಂಬುದನ್ನು ಅರೆನಿಮಿಷದಲ್ಲಿ ಅದರ ಮುಖಪುಟವೇ ನಿರ್ಧರಿಸಿಬಿಡುತ್ತದೆ. ಹೀಗಿರುವಾಗ ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆಗಳ ಮುಖಪುಟವು ಹೇಗಿರಬೇಕು, ಅದು ಯಾರನ್ನು ಕರೆಯಬೇಕು ಎಂಬುದರ ಬಗ್ಗೆ ನನಗೆ ತೋಚಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡಲು ಬಯಸುತ್ತೇನೆ.

ಒಳ್ಳೆಯ ಮುಖಪುಟವು ತನ್ನ ಓದುಗನನ್ನು ಬಲ್ಲದು. 1949ರಲ್ಲಿ ಕನ್ನಡದಲ್ಲಿ ಹೊರಡಲಾರಂಭಿಸಿ ಈಗ ನಿಂತುಹೋಗಿರುವ ‘ಚಂದಮಾಮ’ವನ್ನು ನೆನೆಯಿರಿ. ಎಂ. ಟಿ. ವಿ. ಆಚಾರ್ಯರು ಅದಕ್ಕೆ ಬರೆದ ಮಹಾಭಾರತದ ಮುಖಚಿತ್ರಗಳನ್ನು ನಮ್ಮ ಅಜ್ಜ ಅಜ್ಜಿಯರ ಕಾಲದವರು ಇಂದಿಗೂ ಕೊಂಡಾಡುತ್ತಾರೆ. ಅಕ್ಷರ ಬಾರದ ಮಗುವೂ ಆ ಚಿತ್ರವನ್ನು ನೋಡಿ “ಇವನು ಯಾರು? ಆಮೇಲೆ ಏನಾಯಿತು?” ಎಂದು ಕೇಳದೆ ಇರಲಾರದು. ಆ ಪ್ರಶ್ನೆ ಹುಟ್ಟಿದರೆ ಮುಖಪುಟದ ಕೆಲಸ ಮುಗಿದಂತೆ. 1922ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ರೀಡರ್ಸ್ ಡೈಜೆಸ್ಟ್’ ಇದಕ್ಕೆ ತೀರ ಬೇರೆಯಾದ ದಾರಿ ಹಿಡಿಯಿತು. ಒಳಗಿನ ಲೇಖನಗಳ ಪಟ್ಟಿಯನ್ನೇ ಅದು ಬಹುಕಾಲ ಮುಖಪುಟದ ಮೇಲೆ ಅಚ್ಚು ಮಾಡುತ್ತಿತ್ತು. ಬಿಡುವಿಲ್ಲದ ಓದುಗನಿಗೆ ಚಿತ್ರಕ್ಕಿಂತ ಪಟ್ಟಿಯೇ ಪ್ರಿಯವೆಂದು ಅದರ ಸಂಪಾದಕರು ಅರಿತಿದ್ದರು. ದಾರಿಗಳು ಎರಡಾದರೂ ತತ್ತ್ವ ಒಂದೇ.

ನಮ್ಮ ಸಂಚಿಕೆಯ ಸ್ಥಿತಿ ಇವೆರಡಕ್ಕಿಂತ ಬೇರೆ. ಇದನ್ನು ಯಾರೂ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಕಾಲೇಜಿಗೆ ಸೇರುವ ದಿನವೇ ಉಳಿದ ಶುಲ್ಕಗಳೊಡನೆ ಸಂಚಿಕೆಯ ಹಣವನ್ನೂ ನಾವು ಕಟ್ಟಿರುತ್ತೇವೆ. ಆದುದರಿಂದ ನಮ್ಮ ಮುಖಪುಟಕ್ಕೆ ಮಾರುವ ಹೊಣೆಯಿಲ್ಲ. ತೆರೆಯಿಸುವ ಹೊಣೆ ಮಾತ್ರ ಇದೆ. ಇದು ಸುಲಭವೆಂದು ತೋರಬಹುದು; ವಾಸ್ತವವಾಗಿ ಇದೇ ಕಷ್ಟ. ದುಡ್ಡು ಕೊಟ್ಟು ಆರಿಸಿ ತಂದ ಪತ್ರಿಕೆಯನ್ನು ಯಾರೂ ಓದದೆ ಬಿಡರು. ತಾನಾಗಿ ಕೈಗೆ ಬಂದುದನ್ನು ಕಪಾಟಿನ ಮೇಲೆ ಎಸೆಯುವುದು ಲೋಕರೂಢಿ.

ಈ ಹೊಣೆಯನ್ನು ನಮ್ಮ ಮುಖಪುಟಗಳು ಹೊತ್ತಿವೆಯೇ? ಗ್ರಂಥಾಲಯದ ಬೀರುವಿನಲ್ಲಿ ನಮ್ಮ ಕಾಲೇಜಿನವೂ ನೆರೆಯ ಕಾಲೇಜುಗಳವೂ ಆದ ಸಂಚಿಕೆಗಳನ್ನು ಸಾಲಾಗಿ ಇಟ್ಟು ನೋಡಿದೆ. ವೀಣಾಪಾಣಿಯಾದ ಸರಸ್ವತಿ, ಉರಿಯುವ ದೀಪ, ತೆರೆದ ಪುಸ್ತಕ, ಉದಯಿಸುವ ಸೂರ್ಯ, ಕಾಲೇಜಿನ ಕಟ್ಟಡ. ಇವನ್ನು ಬಿಟ್ಟರೆ ಉಳಿದವು ಕೆಲವೇ. ಹೆಸರನ್ನು ಮುಚ್ಚಿದರೆ ಯಾವುದು ಯಾವ ಊರಿನದೆಂದು ಹೇಳಲಾಗದು. ಸರಸ್ವತಿಯ ಮೇಲೆ ನನಗೆ ಭಕ್ತಿಯುಂಟು. ಆದರೆ ದೀಪವನ್ನೂ ಪುಸ್ತಕವನ್ನೂ ನೋಡಿ “ಒಳಗೆ ಏನಿದೆ?” ಎಂಬ ಕುತೂಹಲ ಯಾರಿಗೆ ತಾನೆ ಹುಟ್ಟೀತು? ಈ ಚಿತ್ರಗಳು ವಿದ್ಯಾರ್ಥಿಯೊಡನೆ ಮಾತನಾಡುತ್ತಿಲ್ಲ. ಸಂದೇಶ ಬರೆದುಕೊಟ್ಟ ಗಣ್ಯರಿಗೆ, ಪರಿಶೀಲನೆಗೆ ಬರುವ ಸಮಿತಿಯವರಿಗೆ ಅವು ಕೈಮುಗಿದು ನಿಂತಿವೆ.

ಹಿಂದಿನವರನ್ನು ಇದಕ್ಕಾಗಿ ದೂರುವಂತಿಲ್ಲ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಪ್ರತಿಯೊಂದು ಚಿತ್ರಕ್ಕೂ ಲೋಹದ ಬ್ಲಾಕು ಮಾಡಿಸಬೇಕಾಗಿತ್ತು. ಮೂರು ಬಣ್ಣ ಬೇಕೆಂದರೆ ಮೂರು ಬ್ಲಾಕು, ಮೂರು ಸಲ ಅಚ್ಚು. ಇಷ್ಟು ಖರ್ಚನ್ನು ಸರಕಾರಿ ಕಾಲೇಜು ಎಲ್ಲಿಂದ ತಂದೀತು? ಒಮ್ಮೆ ಮಾಡಿಸಿದ ದೀಪದ ಬ್ಲಾಕನ್ನೇ ವರ್ಷ ವರ್ಷವೂ ಬಳಸುವುದು ಜಾಣತನವಾಗಿತ್ತು. ಇಂದು ಆ ಕಷ್ಟವಿಲ್ಲ. ಗಣಕಯಂತ್ರದಲ್ಲಿ ಎಷ್ಟು ಬಣ್ಣವನ್ನಾದರೂ ತುಂಬಬಹುದು. ಬೇಕೆಂದರೆ ಯಂತ್ರವೇ ಚಿತ್ರ ಬರೆದುಕೊಡುತ್ತದೆ. ಆದರೂ ಫಲವೇನು? ಕರಿಯ ನಿಲುವಂಗಿ ತೊಟ್ಟು ಟೊಪ್ಪಿಗೆಯನ್ನು ಆಕಾಶಕ್ಕೆ ಎಸೆಯುವ, ನಾವು ಕಾಣದ ದೇಶದ ತರುಣ ತರುಣಿಯರು ನಮ್ಮ ಮುಖಪುಟಕ್ಕೆ ಬಂದಿದ್ದಾರೆ. ಮೊದಲು ಬಡತನ ಮಾಡಿಸಿದ್ದನ್ನು ಈಗ ಆಲಸ್ಯ ಮಾಡಿಸುತ್ತಿದೆ.

“ವಿದ್ಯಾರ್ಥಿಗಳ ಕೈಯಲ್ಲಿ ಚಿತ್ರ ಬರೆಯಿಸಿದರೆ ಸೊಟ್ಟಗಾದೀತು, ಹೊರಗಿನವರ ಮುಂದೆ ಕಾಲೇಜಿನ ಮಾನವೇನಾಗಬೇಕು?” ಎಂದು ಕೆಲವರು ಕೇಳಬಹುದು. ಆರ್. ಕೆ. ಲಕ್ಷ್ಮಣರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1942ರಲ್ಲಿ ಹುಟ್ಟಿದ ‘ಕೊರವಂಜಿ’ಗೆ ಚಿತ್ರ ಬರೆದವರು. ಎಲ್ಲರೂ ಲಕ್ಷ್ಮಣರಾಗುವುದಿಲ್ಲ, ನಿಜ. ಆದರೆ ಪ್ರಾಥಮಿಕ ಶಾಲೆಯ ಕೈಬರಹದ ಪತ್ರಿಕೆಯನ್ನು ನೋಡಿದವರು ಒಂದನ್ನು ಬಲ್ಲರು. ಅದರ ಮೇಲಿನ ನವಿಲಿಗೆ ಕಾಲು ಒಂದೇ ಇರಬಹುದು. ಆದರೂ ಅದು ಕೈಯಿಂದ ಕೈಗೆ ಸಾಗಿ, ಅಂಚು ಹರಿದು, ಎಣ್ಣೆಯ ಕಲೆ ಹತ್ತಿಸಿಕೊಂಡಿರುತ್ತದೆ. ಓದಿಸಿಕೊಂಡ ಪತ್ರಿಕೆಗೆ ಅದಕ್ಕಿಂತ ದೊಡ್ಡ ಮಾನಪತ್ರ ಬೇಕೇ?

ಕಟ್ಟಡದ ಚಿತ್ರದ ಪರವಾಗಿ ಒಂದು ಮಾತನ್ನು ನಾನೂ ಒಪ್ಪುತ್ತೇನೆ. ನಮ್ಮಲ್ಲಿ ಬಹು ಮಂದಿ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಮನೆಯಲ್ಲಿರುವ ತಾಯಿ ಈ ಕಾಲೇಜನ್ನು ಕಂಡಿಲ್ಲ. “ನನ್ನ ಮಗಳು ಓದುವುದು ಇಲ್ಲಿಯೇ” ಎಂದು ಆಕೆ ಆ ಚಿತ್ರದ ಮೇಲೆ ಕೈಯಾಡಿಸಿದರೆ ಅದೂ ಒಂದು ಓದೇ. ವರ್ಷಕ್ಕೊಮ್ಮೆ ಆ ಮನೆಗೆ ಬರುವ ಪತ್ರಿಕೆ ಇದೊಂದೇ ಆಗಿರಲೂಬಹುದು. ಆದುದರಿಂದ ಕಟ್ಟಡಕ್ಕೆ ಹಿಂಬದಿಯ ಹೊದಿಕೆಯಲ್ಲಿ ಸ್ಥಳವಿರಲಿ. ಮುಂದಿನ ಪುಟ ಮಾತ್ರ ಆ ಕಟ್ಟಡದೊಳಗೆ ಬಾಳುವವರಿಗೆ ಸೇರಲಿ.

ನನ್ನ ಸೂಚನೆಗಳು ಮೂರೇ. ಮೊದಲನೆಯದು, ವರ್ಷದ ಆರಂಭದಲ್ಲಿಯೇ ಮುಖಚಿತ್ರದ ಸ್ಪರ್ಧೆಯೊಂದನ್ನು ಏರ್ಪಡಿಸಿ, ನಮ್ಮ ಊರಿನ ಸಂತೆ, ಕೆರೆ, ಬಸ್ ನಿಲ್ದಾಣ, ಓದುವ ಕೊಠಡಿ ಇವುಗಳಲ್ಲಿ ಯಾವುದನ್ನಾದರೂ ಬರೆಯಿಸಬೇಕು. ಎರಡನೆಯದು, ತೀರ್ಪುಗಾರರಲ್ಲಿ ಅಧ್ಯಾಪಕರೊಡನೆ ವಿದ್ಯಾರ್ಥಿಗಳೂ ಇರಬೇಕು. ಮೂರನೆಯದು, ಬರೆದವರ ಹೆಸರುಗಳನ್ನು ಮುಖಪುಟದ ಮೇಲೆಯೇ ಅಚ್ಚು ಮಾಡಬೇಕು. ಸಂಚಿಕೆ ಕೈಗೆ ಬಂದೊಡನೆ ನಾವೆಲ್ಲರೂ ಮೊದಲು ಹುಡುಕುವುದು ನಮ್ಮ ಹೆಸರನ್ನು, ಆಮೇಲೆ ಗೆಳೆಯರ ಹೆಸರನ್ನು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಹೆಸರು ಹುಡುಕಲು ಪುಟ ತಿರುವಿದವನು ಬರಹವನ್ನೂ ಓದಿಯಾನು.

ಖರ್ಚು ಇದರಿಂದ ಹೆಚ್ಚುವುದಿಲ್ಲ, ಕಡಮೆಯಾದರೂ ಆದೀತು. ಬೇಕಾದುದು ಹಣವಲ್ಲ, ವಿದ್ಯಾರ್ಥಿಗಳ ಮೇಲೆ ನಂಬಿಕೆ. ಒಳಗಿನ ಪುಟಗಳನ್ನು ನಮ್ಮ ಬರಹಕ್ಕೆ ಒಪ್ಪಿಸಿದ ಹಿರಿಯರು ಹೊರಗಿನ ಒಂದು ಪುಟವನ್ನೂ ನಮ್ಮ ಕುಂಚಕ್ಕೆ ಒಪ್ಪಿಸಲಿ ಎಂಬುದಷ್ಟೇ ನನ್ನ ಬಿನ್ನಹ.